ಹಿಂದಿನ ಸಾಲಿನ ಹಾಸಿಗೆ

ಪಂಪ್‌ಹೌಸಿನ ಮನುಷ್ಯನಿಗೆ ಆರು ವರ್ಷಗಳಿಂದ ನಿದ್ದೆ ಇರಲಿಲ್ಲ. ಈಗ ನಾಲ್ಕು ಜನ ಅವನನ್ನು ಸ್ಟ್ರೆಚರಿಗೆ ಪಟ್ಟಿ ಕಟ್ಟಿ ಮೂರನೆಯ ಮಹಡಿಯಿಂದ ಇಳಿಸುತ್ತಿದ್ದರು. ಎರಡನೆಯ ಮಹಡಿಯ ತಿರುವಿನಲ್ಲಿ ಸ್ಟ್ರೆಚರು ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಹಾಕಿಕೊಂಡಿತು.

"ತಲೆ ಕಡೆ ಎತ್ತಿ, ಕಾಲು ಕಡೆ ಇಳಿಸಿ," ಎಂದ ಸತ್ತವನ ಭಾವಮೈದುನ.

"ಎಲ್ಲಿಗಪ್ಪಾ ಇಳಿಸೋದು? ನನ್ನ ಬೆನ್ನು ಆಗಲೇ ಗೋಡೇಲಿದೆ," ಎಂದ ಪಂಪ್‌ಹೌಸಿನ ಮೆಕ್ಯಾನಿಕ್. ಅವನಿಗೂ ವಯಸ್ಸಾಗಿತ್ತು, ಏದುಸಿರು ಬಿಡುತ್ತಿದ್ದ. "ಫ್ರಿಜ್ ತಂದಾಗಲೂ ಇಲ್ಲೇ ಸಿಕ್ಕಿಬಿದ್ದಿತ್ತು. ಆವತ್ತು ನಮ್ಮ ವಾಲ್ವಣ್ಣ ಕೆಳಗೆ ನಿಂತ್ಕೊಂಡು ಎಲ್ಲರಿಗೂ ಬೈದು ಬೈದು ಇಳಿಸಿದ್ದ. ಇವತ್ತು ಬೈಯೋರಿಲ್ಲ, ಅದಕ್ಕೇ ಕೆಲಸ ಕೆಟ್ಟಿದೆ."

"ಇಳಿಸಿದ್ದಲ್ಲ, ಹತ್ತಿಸಿದ್ದು," ಎಂದಳು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಹೆಂಡತಿ.

ಕೆಳಗಿನಿಂದ ಒಬ್ಬ ಹತ್ತಿ ಬಂದ. ಮೂವತ್ತೈದರ ಆಸುಪಾಸಿನವನು, ಕೈಯಲ್ಲಿ ಹೂವಿನ ಪೊಟ್ಟಣ. ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ಟ್ರೆಚರಿನ ಅಡಿಗೆ ಭುಜ ಕೊಟ್ಟ.

"ಹಾಗೆ ತಿರುಗಿಸಬೇಡಿ, ಜನ್ಮದಲ್ಲಿ ಬರಲ್ಲ. ಮೊದಲು ಕಂಬಿಗಿಂತ ಮೇಲೆತ್ತಿ. ಕಾಲು ಕಡೆ ಪೂರ್ತಿ ಕಂಬಿಯಾಚೆ ಬರಲಿ. ಈಗ ತಲೆ ಕಡೆಯವರು ಗೋಡೆ ಸವರಿಕೊಂಡು ಬನ್ನಿ. ಸಾಕು, ಸಾಕು. ಇಳಿಸಿ."

ಸ್ಟ್ರೆಚರು ತಿರುಗಿತು. ಮೆಕ್ಯಾನಿಕ್ ಬೆವರು ಒರೆಸಿಕೊಂಡು, "ಯಾರಪ್ಪಾ ನೀನು? ಇದೇ ಕಸುಬಾ?" ಎಂದು ಕೇಳಿದ.

"ಹಾಸಿಗೆ ಅಂಗಡಿಯವನು. ಆರಡಿ ಹಾಸಿಗೆಗಳನ್ನ ಹೀಗೇ ಇಳಿಸೋದು."

ಪಂಪ್‌ಹೌಸಿನವರು ವಾಲ್ವಣ್ಣ ಎನ್ನುತ್ತಿದ್ದ ಮುದುಕ ಸತ್ತದ್ದು ಇವನು ಕೆಲಸಕ್ಕಿರುವ ಅಂಗಡಿಯಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಕೆಳಗೆ ವ್ಯಾನಿನ ಬಾಗಿಲಲ್ಲಿ ಅವನು ಹೂವು ಇಟ್ಟು ಹಿಂದೆ ಸರಿದ. ಭಾವಮೈದುನ ಅವನ ತೋಳು ಹಿಡಿದ.

"ನೀವೂ ಹತ್ತಿ. ಅಲ್ಲಿ ಇಳಿಸೋಕೆ ಬೇಕಾಗ್ತೀರಿ. ನಮ್ಮಲ್ಲಿ ಗಟ್ಟಿ ಬೆನ್ನಿರೋರು ಯಾರೂ ಇಲ್ಲ."

ಅಂಗಡಿಯ ಮಾಲೀಕ ಇವನಿಗೆ ಹೇಳಿ ಕಳಿಸಿದ್ದು ಬೇರೆ. ಹೂವು ಇಡು, ಕೈ ಮುಗಿ, ಬಾಯಿ ಬಿಡದೆ ವಾಪಸ್ ಬಾ. ಅವನು ವ್ಯಾನು ಹತ್ತಿದ.

*

ಮೊದಲ ಸಲ ಅಂಗಡಿಗೆ ಬಂದಾಗ ಆ ಮುದುಕ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಲಿಲ್ಲ. ಬಗ್ಗಿ ಕಿವಿಯಿಟ್ಟು, ಮುಷ್ಟಿಯಿಂದ ಗುದ್ದಿ ಕೇಳಿದ.

"ಸ್ಪ್ರಿಂಗ್ ಒಂದು ಸಡಿಲ ಇದೆ. ಎಡಗಡೆ."

"ಹೊಸದು ಸಾರ್, ಹಾಗಿರೋಕೆ ಸಾಧ್ಯವೇ ಇಲ್ಲ," ಎಂದ ಹಾಸಿಗೆ ಅಂಗಡಿಯವನು. ಆಮೇಲೆ ಬಿಚ್ಚಿ ನೋಡಿದಾಗ ಸಡಿಲವಿತ್ತು.

"ನಿಮಗೆ ಬೆನ್ನುನೋವಾ ಸಾರ್, ಸೊಂಟಾನಾ?"

"ನೋವಿಲ್ಲ. ನಿದ್ದೆ ಇಲ್ಲ. ಮನೇಲಿರೋದು ಹತ್ತಿ ಹಾಸಿಗೆ, ಗಂಟುಗಂಟಾಗಿದೆ, ಅದಕ್ಕೇ ಬರಲ್ಲ ಅಂತಾಳೆ ನಮ್ಮವಳು."

ಅವನು ಸಾಲಾಗಿ ಮಲಗಿ ನೋಡಿದ. ನಾರಿನದು, ಫೋಮಿನದು, ಸ್ಪ್ರಿಂಗಿನದು. ಚಪ್ಪಲಿ ಬಿಚ್ಚುವ ಗೋಜಿಲ್ಲದಂತೆ ಕಾಲ ಬುಡದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸುವುದು ಅಂಗಡಿಯ ಪದ್ಧತಿ. ಅವನು ಚಪ್ಪಲಿ ಬಿಚ್ಚಿಯೇ ಮಲಗಿದ. ಎಲ್ಲ ಹಾಸಿಗೆಯಲ್ಲೂ ಕಣ್ಣು ಬಿಟ್ಟುಕೊಂಡು ಫ್ಯಾನು ನೋಡಿದ. ಕಡೆಗೆ ಹಿಂದಿನ ಸಾಲಿಗೆ ಬಂದ. ಐದು ನಿಮಿಷದಲ್ಲಿ ಅಂಗಡಿಯ ಮುಂಬಾಗಿಲ ತನಕ ಕೇಳುವಂತೆ ಗೊರಕೆ ಹೊಡೆಯತೊಡಗಿದ.

ನಿದ್ದೆ ಹೋದ ಗಿರಾಕಿಯನ್ನು ಎಬ್ಬಿಸಬಾರದು ಎಂಬುದು ಮಾಲೀಕನ ಕಟ್ಟಪ್ಪಣೆ. ಎಬ್ಬಿಸಿದರೆ ನಾಚಿಕೊಂಡು ಹೊರಟುಹೋಗುತ್ತಾನೆ. ತಾನಾಗಿ ಎದ್ದರೆ ಕೊಳ್ಳುತ್ತಾನೆ. ಮುದುಕ ಒಂದೂವರೆ ಗಂಟೆಯ ಮೇಲೆ ತಾನಾಗಿ ಎದ್ದ. ಕೊಳ್ಳಲಿಲ್ಲ. ಮನೆಯಲ್ಲಿ ಕೇಳಿ ಬರುತ್ತೇನೆ ಎಂದ.

ಎರಡು ತಿಂಗಳು ಹೀಗೇ ಬಂದ, ವಾರಕ್ಕೆ ಮೂರು ಸಲ, ಊಟವಾದ ಮೇಲೆ. ಹಾಸಿಗೆ ಅಂಗಡಿಯವನು ಬೇಕೆಂದೇ ಹಿಂದಿನ ಸಾಲಿನ ಹಾಸಿಗೆ ಬದಲಿಸಿ ನೋಡಿದ. ಮೆತ್ತನೆಯದನ್ನು ತೆಗೆದು ಹಲಗೆಯಂಥದ್ದನ್ನು ಹಾಕಿದ. ಮುದುಕ ಅದರ ಮೇಲೂ ಗೊರಕೆ ಹೊಡೆದ. ಆಗ ಅಂಗಡಿಯವನಿಗೆ ಹೊಳೆಯಿತು. ಹಿಂದಿನ ಸಾಲಿನ ಗೋಡೆಯ ಆಚೆ ಬದಿಗೆ ಎಸಿಯ ದೊಡ್ಡ ಕಂಪ್ರೆಸರ್ ಇತ್ತು. ಅದು ಓಡುವಾಗ ಗೋಡೆ ಗುಂಯ್ ಎನ್ನುತ್ತಿತ್ತು.

"ಸಾರ್, ನಿಮಗೆ ಬೇಕಿರೋದು ಹಾಸಿಗೆ ಅಲ್ಲ, ಈ ಕಂಪ್ರೆಸರ್ರು."

ಮುದುಕ ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ನಕ್ಕ. "ಮೂವತ್ನಾಲ್ಕು ವರ್ಷ ಎರಡು ಮೋಟಾರಿನ ಮಧ್ಯೆ ಮಂಚ ಹಾಕ್ಕೊಂಡು ಮಲಗಿದೋನಪ್ಪ ನಾನು. ಬರೀ ರಾತ್ರಿ ಪಾಳಿ. ಮೋಟಾರ್ ಓಡ್ತಿದ್ರೆ ನಿದ್ದೆ. ನಿಂತರೆ ಎದ್ದು ಕೂತಿರ್ತಿದ್ದೆ. ಒಂದು ಸಲ ತಪ್ಪಿಲ್ಲ, ಬೇಕಾದ್ರೆ ಕೇಳಿ ನೋಡು, ಒಂದು ದಿನ ನಲ್ಲಿಗೆ ನೀರು ತಪ್ಪಿಲ್ಲ. ರಿಟೈರಾಗಿ ಆರು ವರ್ಷ, ಈಗ ಮನೇಲಿ ಎಲ್ಲಾ ಮೌನ. ಕಣ್ಣು ಮುಚ್ಚಿದರೆ ಸಾಕು, ಅಯ್ಯೋ ಮೋಟಾರ್ ನಿಂತೋಯ್ತು ಅಂತ ಮೈ ಎದ್ದು ಕೂರುತ್ತೆ."

"ಮನೇಲಿ ಹೇಳಿದ್ದೀರಾ?"

"ಹೇಳಿದ್ರೆ ಇಲ್ಲಿಗೆ ಕಳಿಸ್ತಾಳಾ? ನಿನಗೆ ತೊಂದರೆ ಆಗುತ್ತೇನು?"

"ಇಲ್ಲ ಸಾರ್. ಬನ್ನಿ."

*

ವ್ಯಾನಿನಲ್ಲಿ ಎರಡೂ ಬದಿಗೆ ಉದ್ದನೆಯ ಬೆಂಚು, ನಡುವೆ ಸ್ಟ್ರೆಚರು. ಒಂದು ಕಡೆ ಹೆಂಡತಿ ಮತ್ತು ಮಗಳು. ಎದುರಿಗೆ ಭಾವಮೈದುನ, ಮೆಕ್ಯಾನಿಕ್, ಹಾಸಿಗೆ ಅಂಗಡಿಯವನು. ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ತೊಡೆಯ ಮೇಲೆ ಆಸ್ಪತ್ರೆಯ ಕಾಗದಗಳ ಕಡತವಿತ್ತು.

"ನಿಮಗೆ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿಲ್ಲ," ಎಂದಳು ಅವಳು. "ನೋಡಿದ ಕೂಡಲೇ ಆಟೋ ಹಿಡಿದು ಕರೆದುಕೊಂಡು ಹೋಗಿದ್ದೀರಿ. ಡಾಕ್ಟರೂ ಹೇಳಿದರು. ಇಂಥ ಹಾರ್ಟ್ ಅಟ್ಯಾಕಲ್ಲಿ ನಿಮಿಷಗಳೇ ಮುಖ್ಯ ಅಂತೆ. ಬೇಗ ತಂದರೆ ಎಷ್ಟೋ ಜನ ಉಳೀತಾರಂತೆ. ನೀವು ತಂದಿರಿ, ಅಪ್ಪನಿಗೆ ಆಯಸ್ಸಿರಲಿಲ್ಲ."

ಅವನು ತಲೆ ತಗ್ಗಿಸಿ ಸ್ಟ್ರೆಚರಿನ ಪಟ್ಟಿ ಬಿಗಿ ಮಾಡಿದ. ಅದು ಬಿಗಿಯಾಗಿಯೇ ಇತ್ತು.

"ಒಂದು ಲೆಕ್ಕ ಮಾತ್ರ ಸಿಗ್ತಿಲ್ಲ," ಎಂದಳು ಹೆಂಡತಿ. "ಹನ್ನೆರಡೂವರೆಗೆ ಊಟ ಮಾಡಿ ಹೊರಟರು. ನಿಮ್ಮಂಗಡಿಗೆ ಅರ್ಧ ಗಂಟೆ ದಾರಿ. ನಾಲ್ಕು ಗಂಟೆ ತನಕ ಎಲ್ಲಿದ್ದರು?"

"ಗೊತ್ತಿಲ್ಲಮ್ಮ."

"ಯಾರ ಹತ್ತಿರಾನೋ ಮಾತಾಡ್ತಾ ನಿಂತಿರ್ತಾರೆ ಅಕ್ಕ," ಎಂದ ಭಾವಮೈದುನ. "ಭಾವನ ಬಾಯಿ ಗೊತ್ತಿಲ್ವಾ ನಿನಗೆ?"

"ಅವರಿಗೆಲ್ಲಿತ್ತು ಬಾಯಿ? ಅದು ನಿನ್ನದು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೇ ಅಟ್ಟಿದ್ದು. ಎರಡು ತಿಂಗಳಿಂದ ಹಾಸಿಗೆ ನೋಡ್ತಿದ್ದೀರಿ, ಹೆಣ್ಣು ನೋಡೋಕೂ ಇಷ್ಟು ದಿನ ತಗೊಂಡಿರಲಿಲ್ಲ, ಇವತ್ತು ಒಂದು ಗೊತ್ತು ಮಾಡದೆ ಮನೆಗೆ ಬರಬೇಡಿ ಅಂದೆ. ಯಾವುದು ತಗೋಬೇಕು ಅಂತ ತಿಳೀದೆ, ಅಂಗಡಿಗೆ ಹೋಗೋಕೂ ಆಗದೆ, ಮನೆಗೆ ಬರೋಕೂ ಆಗದೆ, ಬಿಸಿಲಲ್ಲಿ ಮೂರು ಗಂಟೆ ಅಲೆದಿದ್ದಾರೆ. ಅದಕ್ಕೇ ಎದೆ ಒಡೆದಿದೆ."

"ಬಿಡಮ್ಮ," ಎಂದಳು ಮಗಳು.

"ಏನು ಬಿಡ್ಲಿ? ಲೆಕ್ಕ ಹಾಕು ನೀನೇ."

ಮೆಕ್ಯಾನಿಕ್ ಕಿಟಕಿಯಾಚೆ ನೋಡುತ್ತ, "ಅವನ ಗೊರಕೆಗೆ ನಮ್ಮ ಸಣ್ಣ ಮೋಟಾರೇ ನಾಚಿಕೊಳ್ತಿತ್ತು," ಎಂದ. ಯಾರೂ ಕೇಳಿರಲಿಲ್ಲ. ಆದರೂ ಹೇಳಿದ. "ನಾನು ಹೊರಗೆ ಬೀಡಿ ಸೇದ್ತಾ ಕೂತಿದ್ರೂ ಎಲ್ಲಾ ಸರಿಯಿದೆ ಅಂತ ಅದರಿಂದಲೇ ಗೊತ್ತಾಗ್ತಿತ್ತು."

ಹಾಸಿಗೆ ಅಂಗಡಿಯವನು ಪಟ್ಟಿಯನ್ನು ಬಿಟ್ಟು ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡ.

*

ನಿನ್ನೆ ಮುದುಕ ಒಂದು ಗಂಟೆಗೇ ಬಂದಿದ್ದ. ಎದೆ ನೀವಿಕೊಳ್ಳುತ್ತ, ಊಟ ಜಾಸ್ತಿಯಾಯಿತು ಎಂದ. "ಇವತ್ತು ಖಂಡಿತ ಒಂದು ಗೊತ್ತು ಮಾಡಬೇಕಪ್ಪ. ಮನೇಲಿ ಖಡಕ್ ಆಜ್ಞೆ ಆಗಿದೆ. ಎದ್ದ ಮೇಲೆ ನೀನೇ ಒಂದು ಹೇಳಿಬಿಡು, ತಗೊಂಡು ಹೋಗ್ತೀನಿ." ಹಿಂದಿನ ಸಾಲಿಗೆ ಹೋಗಿ, ಚಪ್ಪಲಿ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗೊರಕೆ ಶುರುವಾಯಿತು.

ಒಂದೂವರೆಯ ಮೇಲೆ ಹೊಸ ಮನೆ ಮಾಡಿದ್ದ ಗಂಡಹೆಂಡಿರು ಬಂದರು. ಎರಡು ಕೋಣೆಗೆ ಎರಡು ಹಾಸಿಗೆ ಬೇಕಿತ್ತು. ಅಂಗಡಿಯವನು ಫೋಮಿನ ಪದರಗಳನ್ನು ವಿವರಿಸುತ್ತಿದ್ದರೆ ಹೆಂಡತಿ ಗಂಡನನ್ನು ತಿವಿದು, ಹಿಂದಿನ ಸಾಲು ತೋರಿಸಿ ಮುಸಿಮುಸಿ ನಗುತ್ತಿದ್ದಳು. ಅವನ ಮಾತು ಯಾರ ತಲೆಗೂ ಹೋಗುತ್ತಿರಲಿಲ್ಲ.

ಆಗ ಗೊರಕೆ ನಿಂತಿತು. ಒಂದು ಸಲ ದೊಡ್ಡದಾಗಿ ಎಳೆದು ಅರ್ಧಕ್ಕೇ ನಿಂತಿತು. ಅವನು ಗೋಡೆ ಗಡಿಯಾರ ನೋಡಿದ. ಎರಡಕ್ಕೆ ಮಾಲೀಕ ಬರುವ ಹೊತ್ತು. ಗಡಿಯಾರದಲ್ಲಿ ಒಂದೂ ಐವತ್ತಾಗಿತ್ತು. ಸದ್ಯ, ಬದುಕಿದೆ ಎಂದುಕೊಂಡ. ಗಂಡಹೆಂಡಿರನ್ನು ಹಿಂದಿನ ಸಾಲಿಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದ:

"ನೋಡಿ, ಇದೇ ಹಾಸಿಗೆ. ಇವರಿಗೆ ಆರು ವರ್ಷದಿಂದ ನಿದ್ದೆ ಇರಲಿಲ್ಲ. ಈಗ ನೋಡಿ, ಮೈ ಅಲ್ಲಾಡ್ತಿಲ್ಲ."

"ಹೌದಲ್ರೀ," ಎಂದಳು ಹೆಂಡತಿ. ಅದೇ ಬಗೆಯವು ಎರಡು ತೆಗೆದುಕೊಂಡರು.

ಆಮೇಲೆ ಮಾಲೀಕ ಬಂದ, ಹಿಂದಿನ ಸಾಲು ನೋಡಿ, ಮಲಗಲಿ ಎಂದು ಕೈಸನ್ನೆ ಮಾಡಿದ. ಸರಕು ಬಂತು, ಇಳಿಸಿದರು. ನಾಲ್ಕು ಹತ್ತಕ್ಕೆ ಚಹಾ ಬಂತು. ಅಂಗಡಿಯವನು ಮುದುಕನಿಗೂ ಒಂದು ಲೋಟ ಹಿಡಿದುಕೊಂಡು ಹೋಗಿ ಪಾದ ಮುಟ್ಟಿದ.

ಆಸ್ಪತ್ರೆಯಲ್ಲಿ ಡಾಕ್ಟರು, "ಕೈ ಇಷ್ಟು ತಣ್ಣಗಿದೆಯಲ್ಲ?" ಎಂದರು. "ಎಸಿ ಅಂಗಡಿ ಸಾರ್," ಎಂದ. "ಯಾವಾಗ ಮಲಗಿದ್ದು?" "ಈಗ್ತಾನೇ ಸಾರ್, ನಾಲ್ಕಕ್ಕೆ. ಬಂದರು, ಮಲಗಿದರು, ನಾಲ್ಕು ಹತ್ತಕ್ಕೆ ಕೂಗಿದೆ, ಏಳಲಿಲ್ಲ." ಡಾಕ್ಟರ ಹಿಂದೆ ಇನ್ನೂ ಮೂರು ಜನ ಕಾಯುತ್ತಿದ್ದರು. ಅವರು ಅದೇ ಸಮಯ ಬರೆದು ಸಹಿ ಹಾಕಿದರು.

*

ಚಿತಾಗಾರದ ಕಿಂಡಿಯ ಹಿಂದೆ ಕೂತಿದ್ದ ಗುಮಾಸ್ತ ಆಸ್ಪತ್ರೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಮಸಿ ಹರಡಿದೆ. ನಾಲ್ಕು ಹತ್ತಾ, ನಾಲ್ಕು ನಲವತ್ತಾ? ಸಾಯೋವಾಗ ಪಕ್ಕದಲ್ಲಿ ಯಾರಿದ್ರಿ?"

ಮಗಳು ತಿರುಗಿ ನೋಡಿದಳು. ಹಾಸಿಗೆ ಅಂಗಡಿಯವನು ಕಿಂಡಿಯ ಬಳಿಗೆ ಬಂದ.

"ಹತ್ತು," ಎಂದ.

"ನೋಡಿ ಸ್ವಾಮಿ," ಎಂದಳು ಹೆಂಡತಿ ಗುಮಾಸ್ತನಿಗೆ, ಅವನು ಕೇಳದಿದ್ದರೂ. "ಮೂರು ಗಂಟೆ ಬಿಸಿಲಲ್ಲಿ ಅಲೆದಿದ್ದಾರೆ. ಅದನ್ನೂ ಬರ್ಕೊಳ್ಳಿ. ಹೆಂಡತಿ ಮನೆಗೆ ಬರಬೇಡ ಅಂದಿದ್ದಳು ಅಂತಾನೂ ಬರ್ಕೊಳ್ಳಿ."

"ಅದಕ್ಕೆಲ್ಲಾ ಇಲ್ಲಿ ಜಾಗ ಇಲ್ಲ ತಾಯಿ."

"ಅಲೆದಿಲ್ಲಮ್ಮ," ಎಂದ ಹಾಸಿಗೆ ಅಂಗಡಿಯವನು. "ಎಲ್ಲೂ ಅಲೆದಿಲ್ಲ. ಒಂದು ಗಂಟೆಗೇ ಬಂದು ನಮ್ಮಂಗಡೀಲಿ ಮಲಗಿದ್ದರು. ಯಾವಾಗಲೂ ಹಾಗೇನೇ. ವಾರಕ್ಕೆ ಮೂರು ಸಲ ಬಂದು ಮಲಗ್ತಿದ್ದರು. ನಿನ್ನೆಯೂ ಬಂದ ತಕ್ಷಣ ನಿದ್ದೆ ಹತ್ತಿತು."

"ನಿದ್ದೆನಾ? ಅವರಿಗಾ?"

"ಹೌದು. ಜೋರು ಗೊರಕೆ."

ಅವಳ ಮುಖ ಸಡಿಲವಾಯಿತು. ಅಷ್ಟಕ್ಕೇ ಅವನು ಸುಮ್ಮನಿರಬಹುದಿತ್ತು. ಅವಳೂ ಸುಮ್ಮನಿರುತ್ತಿದ್ದಳೋ ಏನೋ. ಆದರೆ ನಲವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದವಳು ಅವಳು.

"ನಾಲ್ಕು ಗಂಟೆವರೆಗೂ ಹೊಡೀತಿದ್ದರಾ?"



"ಒಂದೂ ಐವತ್ತಕ್ಕೆ ನಿಂತಿತು," ಎಂದ.

"ನಿನಗೆ ಹೇಗೆ ಗೊತ್ತು?"

"ಗಡಿಯಾರ ನೋಡಿದೆ."

"ನಿಂತಿದ್ದು ಗೊತ್ತಾಗಿ, ಗಡಿಯಾರ ನೋಡಿದೆ. ಅವರನ್ನ ನೋಡಲಿಲ್ಲ."

"ಗಿರಾಕಿಗಳಿದ್ದರು. ನಿಂತಿದ್ದು ಒಳ್ಳೇದಾಯ್ತು ಅಂದುಕೊಂಡೆ."

ಆ ಗಿರಾಕಿಗಳಿಗೆ ತಾನು ತೋರಿಸಿದ್ದು ಏನನ್ನು ಎಂದು ಅವನು ಹೇಳಲಿಲ್ಲ. ಭಾವಮೈದುನ ಒಂದು ಹೆಜ್ಜೆ ಮುಂದೆ ಬಂದ. ಮೆಕ್ಯಾನಿಕ್ ಅವನ ಅಂಗಿ ಹಿಡಿದು ನಿಲ್ಲಿಸಿದ.

"ಮತ್ತೆ ಡಾಕ್ಟರ್ ಹತ್ತಿರ?" ಎಂದಳು ಮಗಳು. ಅದು ತರಗತಿಯಲ್ಲಿ ಕೇಳುವ ದನಿ.

"ಸುಳ್ಳು ಹೇಳಿದೆ."

"ರೀ, ಹಿಂದೆ ಇನ್ನೂ ಎರಡು ಕಾಯ್ತಿವೆ," ಎಂದ ಗುಮಾಸ್ತ. "ಯಾವುದು ಬರೀಲಿ?"

"ಒಂದೂ ಐವತ್ತು," ಎಂದಳು ಹೆಂಡತಿ.

"ಆಗಲ್ಲ ತಾಯಿ. ಡಾಕ್ಟರ್ ಕಾಗದದಲ್ಲಿ ನಾಲ್ಕು ಅಂತ ಸ್ಪಷ್ಟವಾಗಿದೆ. ನನಗೆ ಬೇಕಿರೋದು ಬರೀ ನಿಮಿಷ."

ಅವನು 'ನಾಲ್ಕು ಹತ್ತು' ಎಂದು ಬರೆದು ಮೊಹರು ಒತ್ತಿ, ರಸೀದಿಯನ್ನು ಕಿಂಡಿಯಿಂದ ತಳ್ಳಿದ. ಒಳಗಿನಿಂದ ಇಬ್ಬರು ಬಂದು ಸ್ಟ್ರೆಚರಿಗೆ ಕೈಹಾಕಿದರು. ಹಾಸಿಗೆ ಅಂಗಡಿಯವನು ಕಾಲ ಕಡೆ ಹಿಡಿಯಲು ಬಗ್ಗಿದ. ಹೆಂಡತಿ, "ನೀನು ಮುಟ್ಟಬೇಡ," ಎಂದಳು. ಜೋರಾಗಿ ಹೇಳಲಿಲ್ಲ. ಅವನು ನೆಟ್ಟಗೆ ನಿಂತ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಭಾವಮೈದುನ, ಮೆಕ್ಯಾನಿಕ್ ಹೆಗಲು ಕೊಟ್ಟರು. ಹೆಂಡತಿ ಅವರ ಹಿಂದೆ ನಡೆದಳು. ಉಕ್ಕಿನ ಬಾಗಿಲು ಮುಚ್ಚಿತು, ಒಳಗೆ ಯಂತ್ರ ಓಡತೊಡಗಿತು.

ಮಗಳು ಕಿಂಡಿಯ ಕಟ್ಟೆಯ ಮೇಲೆ ರಸೀದಿಯನ್ನು ಮಗುಚಿಟ್ಟು ಗುಮಾಸ್ತನ ಪೆನ್ನು ತೆಗೆದುಕೊಂಡಳು. ಮೇಲೆ ನಾಲ್ಕು, ಹತ್ತು. ಕೆಳಗೆ ಒಂದು, ಐವತ್ತು. ಅಡಿಗೆರೆ ಎಳೆದಳು. ಹತ್ತರಲ್ಲಿ ಐವತ್ತು ಹೋಗುವುದಿಲ್ಲ. ಮಕ್ಕಳಿಗೆ ತೋರಿಸುವ ಹಾಗೆ ನಾಲ್ಕನ್ನು ಹೊಡೆದು ಮೂರು ಮಾಡಿದಳು, ಒಂದು ಗಂಟೆ ಕಡ ತಂದಳು, ಹತ್ತನ್ನು ಎಪ್ಪತ್ತು ಮಾಡಿದಳು.

ಎರಡು ಗಂಟೆ ಇಪ್ಪತ್ತು ನಿಮಿಷ.