ಉಸಿರಮ್ಮ ಹುಡುಕಿದ ಕ್ಲಾರಿನೆಟ್

ಸಿನಿಮಾ ಮಂದಿರದಲ್ಲಿ ನಿದ್ದೆಹೋಗುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಟಿಕೆಟ್ಟು ಕೊಂಡು, ನಡುಸಾಲಿನ ನಟ್ಟನಡುವಿನ ಕುರ್ಚಿಯನ್ನೇ ಕೇಳಿ ಪಡೆದು, ತೆರೆ ಬೆಳಗುತ್ತಲೇ ಬೆನ್ನು ನೆಟ್ಟಗೆ ಮಾಡಿ, ಪರಮ ಶ್ರದ್ಧೆಯಿಂದ ಕಣ್ಣು ಮುಚ್ಚಿಕೊಳ್ಳುವವರನ್ನು ಕಂಡದ್ದು ಒಬ್ಬರನ್ನೇ. ಮೊದಲ ಸಲ ಅವರ ಪಕ್ಕದಲ್ಲಿ ಕೂತಾಗ, ಪಾಪ, ದಣಿದ ಹೆಂಗಸು, ಮಲಗಿಬಿಟ್ಟಿದ್ದಾರೆ ಎಂದುಕೊಂಡೆ. ಕಥಾನಾಯಕ ಸತ್ತು ಸುತ್ತಲಿನವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದ ಗಳಿಗೆಯಲ್ಲಿ, ಇದನ್ನಾದರೂ ನೋಡಲಿ ಎಂಬ ಮರುಕದಿಂದ ಮೊಣಕೈ ತಾಗಿಸಿದೆ. ಕಣ್ಣು ತೆರೆಯದೆಯೇ ಅವರು, "ಎದ್ದೇ ಇದೀನಿ. ನಿಮ್ಮ ಕೈಲಿರೋ ಪೊಟ್ಟಣ ಸ್ವಲ್ಪ ಸುಮ್ಮನಿರಿಸ್ತೀರಾ? ಹಿಂದೆ ನಾಲ್ಕು ಪಿಟೀಲು ಅಳ್ತಾ ಇವೆ, ನಿಮ್ಮ ಪರಪರದಲ್ಲಿ ಒಂದೂ ಕೇಳಿಸ್ತಿಲ್ಲ" ಎಂದರು. ನಮ್ಮ ಇಪ್ಪತ್ತೆರಡು ವರ್ಷಗಳ ಸ್ನೇಹ ಶುರುವಾದದ್ದು ಹೀಗೆ, ನಾನು ಬೈಸಿಕೊಳ್ಳುವುದರಿಂದ.

ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಯಂತ್ರ ನಡೆಸುವುದು ಅವರ ಕೆಲಸ. "ಉಸಿರು ಎಳ್ಕೊಳ್ಳಿ... ಹಿಡೀರಿ... ಬಿಡಿ" ಎಂದು ದಿನಕ್ಕೆ ನೂರು ಸಲ ಹೇಳಿ ಹೇಳಿ, ದಾದಿಯರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವರು ಉಸಿರಮ್ಮನೇ ಆಗಿಹೋಗಿದ್ದರು. ಸೀಸದ ಭಾರದ ಏಪ್ರನ್ನು ಹೊತ್ತು ಮೂರು ದಶಕ ನಿಂತ ದೇಹ. ಅದನ್ನು ಕಳಚಿಟ್ಟ ಮೇಲೂ ಹೊತ್ತವರಂತೆಯೇ, ಭುಜ ಹಿಂದಕ್ಕೆಳೆದು, ಹೆಜ್ಜೆ ಹೆಜ್ಜೆಗೂ ನೆಲವನ್ನು ಪರೀಕ್ಷಿಸುತ್ತ ನಡೆಯುವರು. ಬೇಸಗೆಯಲ್ಲೂ ಬಿಡದ ಒಂದು ಬೂದುಬಣ್ಣದ ಉದ್ದ ಕೋಟು. ಅದರ ಒಳಮಗ್ಗುಲಿಗೆ, ಗ್ರಾಮಫೋನ್ ತಟ್ಟೆ ಸರಿಯಾಗಿ ಕೂರುವಂತೆ, ಚೌಕಾಕಾರದ ಒಂದು ಜೇಬನ್ನು ತಾವೇ ಹೊಲಿದುಕೊಂಡಿದ್ದರು. ಆ ಜೇಬು ತುಂಬಿದ ದಿನ ಯಾರಾದರೂ ಅಕ್ಕರೆಯಿಂದ ತಬ್ಬಿಕೊಳ್ಳಲು ಬಂದರೆ ಎರಡು ಹೆಜ್ಜೆ ಹಿಂದೆ ಸರಿದು, "ಇವತ್ತು ಬೇಡ, ಒಡೆಯುತ್ತೆ" ಎನ್ನುವರು.

ಅವರು ಕೂಡಿಡುತ್ತಿದ್ದುದು ಸಿನಿಮಾದ ಹಾಡುಗಳನ್ನಲ್ಲ. "ಹಾಡು ಬಿಡಿ, ಅದಕ್ಕೆ ಸಾವಿರ ಜನ ನೆಂಟರಿದಾರೆ. ಯಾರೋ ಮೆಟ್ಟಿಲು ಇಳಿಯೋವಾಗ, ಕಾಗದ ಒಡೆದು ಓದೋವಾಗ ಹಿಂದೆ ಬರುತ್ತಲ್ಲ, ಅದಕ್ಕೆ ಯಾರಿದಾರೆ?" ಎಂದು ಕೇಳುವರು. ಅವರ ಎರಡು ಕೋಣೆಯ ಮನೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ. ತಟ್ಟೆಗಳು, ಟೇಪುಗಳು, ಕ್ಯಾಸೆಟ್ಟುಗಳು ರಟ್ಟಿನ ಡಬ್ಬಗಳಲ್ಲಿ ಸೂರಿನವರೆಗೆ. ಡಬ್ಬಗಳ ಮೇಲೆ ಚಿತ್ರದ ಹೆಸರಿಲ್ಲ, ಸಂಗೀತ ನಿರ್ದೇಶಕರ ಹೆಸರಿಲ್ಲ. "ಕಾಯುವುದು", "ಮೆಟ್ಟಿಲು", "ಸುಳ್ಳು ಹೇಳುವುದು", "ತಡವಾಗಿ ಬಂದವರು" ಎಂದಷ್ಟೇ ದುಂಡು ಅಕ್ಷರದ ಚೀಟಿಗಳು. ಬರೆದವರು ಉಸಿರಮ್ಮನ ಯಜಮಾನರು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು, ಸಂಗೀತದ ವಿಷಯದಲ್ಲಿ ಶುದ್ಧ ಕಲ್ಲುಕಿವಿ. "ನನಗೆ ಪಿಟೀಲೂ ಒಂದೇ, ಬಾಗಿಲಿನ ಗಂಟೆಯೂ ಒಂದೇ. ಆದ್ರೆ ನೋಡಿ, ನಮ್ಮನೇಲಿ ಅಳು ಮಂಚದ ಕೆಳಗಿದೆ, ನಗು ಇಡೋಕೆ ಜಾಗವೇ ಇಲ್ಲ" ಎಂದು ಬಂದವರೆದುರು ದೂರುವರು, ದೂರುತ್ತಲೇ ಹೊಸ ಡಬ್ಬಕ್ಕೆ ಚೀಟಿ ಕತ್ತರಿಸುವರು.

ಆ ಭಂಡಾರದಲ್ಲೆಲ್ಲ ಅವರ ಪ್ರಾಣವಿದ್ದದ್ದು ಒಂದು ತಟ್ಟೆಯಲ್ಲಿ. ಒಂದೇ ವಾರ ಓಡಿ ಬಿದ್ದುಹೋದ ಯಾವುದೋ ಹಳೆಯ ಚಿತ್ರದ ಹಿನ್ನೆಲೆ ಸಂಗೀತ. ನಿರ್ಮಾಪಕರು ಹಂಚಲೆಂದು ಬೆರಳೆಣಿಕೆಯಷ್ಟು ಪ್ರತಿ ಒತ್ತಿಸಿದ್ದರಂತೆ. ಅದು ಉಸಿರಮ್ಮನಿಗೆ ಸಿಕ್ಕಿದ್ದು ಒಂದು ಕ್ಷೌರದಂಗಡಿಯಲ್ಲಿ, ಹೂಕುಂಡದ ಅಡಿಯಲ್ಲಿ, ನೀರು ಸೋರದಂತೆ ಇಟ್ಟ ತಟ್ಟೆಯಾಗಿ. ಒಂದು ಮಗ್ಗುಲು ಪೂರ್ತಿ ಹಾಳು. ಇನ್ನೊಂದರಲ್ಲಿ, ರೈಲು ನಿಲ್ದಾಣದಲ್ಲಿ ತಾಯಿಯೊಬ್ಬಳು ಇಳಿಯುವವರ ಮುಖಗಳನ್ನೆಲ್ಲ ನೋಡುತ್ತ ನಿಂತ ದೃಶ್ಯಕ್ಕೆ, ಎರಡು ನಿಮಿಷ ಒಂಟಿ ಕ್ಲಾರಿನೆಟ್. ಸ್ವರ ಏರಿ, ಇನ್ನೇನು ಶಿಖರ ಮುಟ್ಟಬೇಕು ಎನ್ನುವಲ್ಲಿ, ನುಡಿಸುವವನ ಉಸಿರು ಮುಗಿದು, ಆತ ಗಾಳಿಯನ್ನು ಗಬಕ್ಕನೆ ಎಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ಸ್ವರ ಮತ್ತೆ ಹುಟ್ಟುತ್ತದೆ, ಮೊದಲಿಗಿಂತ ಸಣ್ಣದಾಗಿ, ಮೊದಲಿಗಿಂತ ನಿಜವಾಗಿ. ಅದನ್ನು ನನಗೆ ಕೇಳಿಸಿದ ದಿನ ಅವರು ಹೇಳಿದ್ದರು: "ಇದು ತಪ್ಪೇ, ನನಗೂ ಗೊತ್ತು. ಆದ್ರೆ ಆ ತಾಯಿ ಆ ಕ್ಷಣದಲ್ಲಿ ಉಸಿರಾಡಿದ್ದು ಇದೊಂದರಲ್ಲೇ. ಈ ಮನುಷ್ಯನ ಎದೆಯಲ್ಲಿ ಏನೋ ತೊಂದರೆ ಇತ್ತು, ನನ್ನ ಮಾತು ಬರೆದಿಟ್ಕೊಳ್ಳಿ."

ಅವರ ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂದು ಕಂಪನಿ ಆ ಸಂಗೀತವನ್ನು ಹೊಸದಾಗಿ, ಹೊಳೆಯುವ ಹೊದಿಕೆಯಲ್ಲಿ ಹೊರತಂದಿತು. ಉಸಿರಮ್ಮ ಹಬ್ಬದ ಸಂಭ್ರಮದಲ್ಲಿ ತಂದು ಹಾಕಿದರು. ಉಸಿರಿನ ಸದ್ದೇ ಇಲ್ಲ! ಯಂತ್ರದಿಂದ ತೊಳೆದು ಒರೆಸಿ ನುಣುಪು ಮಾಡಿಬಿಟ್ಟಿದ್ದರು. ಸಾಲದೆಂಬಂತೆ, ಕ್ಲಾರಿನೆಟ್ ನುಡಿಸಿದವರೆಂದು ಹೆಸರಾಂತ ವಾದಕರೊಬ್ಬರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದ್ದರು. ಉಸಿರಮ್ಮ ಸಿಟ್ಟಾದದ್ದನ್ನು ನಾನು ಅಂದೇ ನೋಡಿದ್ದು. ಕೂಗಲಿಲ್ಲ. ಕೋಟು ಹಾಕಿಕೊಂಡರು. "ಈ ಹೆಸರಿನವರು ಎಷ್ಟು ಹೊತ್ತು ಬೇಕಾದ್ರೂ ದಮ್ಮು ಹಿಡಿಯೋ ಗಂಡಸು. ಇದು ಬೇರೆ ಯಾರೋ. ಯಾರು ಅಂತ ತಿಳ್ಕೊಳ್ಳದೆ ನಾನು ಬಿಡಲ್ಲ" ಎಂದರು. ಯಜಮಾನರು ನನ್ನತ್ತ ಬಾಗಿ, "ಮುಗೀತು. ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು, ನಾಲ್ಕನೆಯದನ್ನು ಮೊಲವೇ ಬಚ್ಚಿಟ್ಕೋಬೇಕು" ಎಂದು ಪಿಸುಗುಟ್ಟಿದರು.

ವಾದ್ಯಗಾರರ ಸಂಘದ ಕಚೇರಿ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಹಾಜರಿ ಪುಸ್ತಕಗಳೆಲ್ಲ ಅಟ್ಟದ ಮೇಲಿವೆ, ಮುಂದಿನ ವಾರ ಬನ್ನಿ ಎಂದ ಗುಮಾಸ್ತ. ಉಸಿರಮ್ಮನಿಗೆ ವಾರದ ರಜೆ ಗುರುವಾರ. ಹದಿನಾಲ್ಕು ಗುರುವಾರ ಆ ಮೆಟ್ಟಿಲು ಹತ್ತಿದರು. ಹದಿನೈದನೆಯ ಸಲ ಮಡಚುವ ಏಣಿಯೊಂದನ್ನು ತಾವೇ ಹೊತ್ತುಕೊಂಡು ಹೋದರು. ಗುಮಾಸ್ತ ದಂಗಾಗಿ, "ಅಮ್ಮಾ, ನಿಮಗೆ ಅವರು ಏನಾಗಬೇಕು?" ಎಂದು ಕೇಳಿದನಂತೆ. "ಏನೂ ಆಗಬೇಕಾಗಿಲ್ಲ. ನೀವು ಏಣಿ ಹಿಡ್ಕೊಳ್ಳಿ" ಎಂದರಂತೆ ಇವರು. ಧೂಳಿನ ನಡುವೆ ಸಿಕ್ಕ ಪುಸ್ತಕದಲ್ಲಿ, ಆ ಧ್ವನಿಮುದ್ರಣದ ದಿನದ ಎದುರು ಕ್ಲಾರಿನೆಟ್ಟಿಗೆ ಒಂದೇ ಸಹಿ, ಯಾರೂ ಕೇಳರಿಯದ ಹೆಸರು. ಮರುದಿನದ ಸಾಲಿನಲ್ಲಿ ಕ್ಲಾರಿನೆಟ್ಟೇ ಇಲ್ಲ. ಹೆಸರಾಂತ ವಾದಕರು ಸಂಘ ಸೇರಿದ್ದು ಅದಾದ ನಾಲ್ಕು ವರ್ಷಕ್ಕೆ.

ಸಹಿಯ ಬಾಲ ಹಿಡಿದು ಹೊರಟವರು ಆ ಮನುಷ್ಯನನ್ನು ಮುಟ್ಟಿದ್ದು ಆತನ ಮಗಳ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಜೊತೆಗೆ ನಾನೂ ಇದ್ದೆ. ಎಂಬತ್ತರ ಹತ್ತಿರದ ತೆಳ್ಳನೆಯ ಮುದುಕ, ಮಡಚಿದ ಅಂಗಿಗಳ ಗುಂಡಿಗಳನ್ನು ಎಣಿಸುತ್ತ ಕೂತಿದ್ದರು. ಚಿತ್ರದ ಹೆಸರು ಕೇಳಿದ್ದೇ ತಡ, ಅವರ ಮುಖ ಬಾಗಿಲಿಕ್ಕಿಕೊಂಡಿತು.

"ಅದು ನಾನಲ್ಲಮ್ಮ."

"ಸಹಿ ನಿಮ್ಮದಿದೆ."

"ಸಹಿ ನಂದೇ. ಆದ್ರೆ ನುಡಿಸಿದ್ದು ಕೆಟ್ಟೋಯ್ತು. ನಡುವೆ ಉಸಿರು ಎಳ್ಕೊಂಡುಬಿಟ್ಟೆ. ನಲವತ್ತು ಜನರ ಮುಂದೆ ಸಂಗೀತ ನಿರ್ದೇಶಕರು ತಾಳದ ಕೋಲು ಎಸೆದ್ರು. ನಾಳೆ ಬೇರೆಯವರನ್ನ ಕರೆಸ್ತೀನಿ, ನೀನು ಹೋಗು ಅಂದ್ರು. ಹೋದೆ. ಅವತ್ತಿಂದ ವಾದ್ಯ ಮುಟ್ಟಿಲ್ಲ."

ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ಅಪ್ಪ ವಾದ್ಯ ನುಡಿಸುತ್ತಿದ್ದರೆಂಬುದೇ ಮಗಳಿಗೆ ಗೊತ್ತಿರಲಿಲ್ಲ. ಉಸಿರಮ್ಮ ಹೊತ್ತು ತಂದಿದ್ದ ಪುಟ್ಟ ಪ್ಲೇಯರನ್ನು ಅಂಗಿಗಳ ಪಕ್ಕಕ್ಕಿಟ್ಟು, ಒಳಜೇಬಿನಿಂದ ತಟ್ಟೆ ತೆಗೆದು ಮುಳ್ಳು ಇಳಿಸಿದರು. ಕ್ಲಾರಿನೆಟ್ ಏರಿತು. ಮುದುಕರ ಬೆರಳುಗಳು ಅರಿವಿಲ್ಲದೆ ತೊಡೆಯ ಮೇಲೆ ರಂಧ್ರಗಳನ್ನು ಮುಚ್ಚಿ ತೆರೆಯತೊಡಗಿದವು. ಆ ಉಸಿರು ಬಂದಾಗ ಬೆರಳು ನಿಂತವು. ಸ್ವರ ಮತ್ತೆ ಹುಟ್ಟಿದಾಗ ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಮರುದಿನ ಯಾರೂ ಬರಲಿಲ್ಲ," ಎಂದರು ಉಸಿರಮ್ಮ. "ನಿಮ್ಮದನ್ನೇ ಇಟ್ಕೊಂಡ್ರು. ನಿಮಗೆ ಹೇಳೋದನ್ನ ಮರೆತರು, ಅಷ್ಟೆ."

ಆ ವಾರವೇ ಉಸಿರಮ್ಮ ಮುದುಕರನ್ನು ತಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಎದೆಯ ಚಿತ್ರ ತೆಗೆದರು. ಎಡ ಶ್ವಾಸಕೋಶದಲ್ಲಿ ಎಂದೋ ವಾಸಿಯಾದ ಕಾಯಿಲೆಯ ಹಳೆಯ ಕಲೆ ಬೆಳ್ಳಗೆ ಕೂತಿತ್ತು. "ಉಸಿರು ಹಿಡೀರಿ" ಎಂದಾಗ ಮುದುಕರು ಯಂತ್ರಕ್ಕೆ ಎದೆಯೊತ್ತಿ ನಿಂತಲ್ಲೇ ನಕ್ಕುಬಿಟ್ಟರಂತೆ: "ಅದೊಂದನ್ನ ಬಿಟ್ಟು ಬೇರೇನಾದ್ರೂ ಹೇಳಮ್ಮ." ನಕ್ಕಿದ್ದಕ್ಕೆ ಚಿತ್ರ ಅಲುಗಿ, ಮತ್ತೊಮ್ಮೆ ತೆಗೆಯಬೇಕಾಯಿತು.

ಕಂಪನಿಯ ಜೊತೆ ಕಾಳಗ ಒಂದೂವರೆ ವರ್ಷ ನಡೆಯಿತು. ಹಾಜರಿ ಪುಟದ ನಕಲು, ಸಂಘದ ಪತ್ರ, ಮುದುಕರು ಹೇಳಿ ಮಗಳು ಬರೆದ ಹೇಳಿಕೆ ಎಲ್ಲ ಲಗತ್ತಿಸಿ ಇವರು ಬರೆದರೆ, ಅಲ್ಲಿಂದ "ತಮ್ಮ ಆಸಕ್ತಿಗೆ ಧನ್ಯವಾದಗಳು" ಎಂಬ ಒಂದೇ ಸಾಲು. ಮುದುಕರೇ ಸೋತು, "ಬಿಟ್ಬಿಡಮ್ಮ, ನನಗೆ ತಿಳೀತಲ್ಲ, ಸಾಕು" ಎಂದರು. "ನಿಮಗೆ ಸಾಕು. ನನಗೆ ಸಾಲದು" ಎಂದರು ಇವರು. ಮೂವತ್ತೊಂದನೆಯ ಪತ್ರವನ್ನು ಅಂಚೆಗೆ ಹಾಕದೆ ತಾವೇ ಒಯ್ದು, ಮೇಲಧಿಕಾರಿಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೋಟು ಕಳಚದೆ ಕೂತರು. ಕೊನೆಗೆ ಆತ ಮೆತ್ತಗಾದ. ಮುಂದಿನ ಅಚ್ಚಿನಲ್ಲಿ ಹೆಸರು ತಿದ್ದಲು ಒಪ್ಪಿದ. ಉಸಿರನ್ನು ಮರಳಿ ಸೇರಿಸಲು ಮಾತ್ರ ಒಪ್ಪಲಿಲ್ಲ, ಕೊಂಡವರು ತಟ್ಟೆ ಕೆಟ್ಟಿದೆಯೆಂದು ವಾಪಸು ತರುತ್ತಾರಂತೆ. ಹೆಸರು ಬಂತು, ಇರುವೆ ಗಾತ್ರದಲ್ಲಿ.

ಅರ್ಧ ಗೆಲುವು ಉಸಿರಮ್ಮನಿಗೆ ಒಗ್ಗದು. ಒಂದು ಭಾನುವಾರದ ಬೆಳಗ್ಗೆ ಯಜಮಾನರ ಶಾಲೆಯ ಚಿತ್ರಕಲೆ ಕೋಣೆಯಲ್ಲಿ ಬೆಂಚು ಜೋಡಿಸಿ, ಆಸ್ಪತ್ರೆಯವರು, ಸಂಘದವರು, ಏಣಿ ಹಿಡಿದ ಗುಮಾಸ್ತ, ಇಸ್ತ್ರಿ ಅಂಗಡಿಯ ಗಿರಾಕಿಗಳು, ಎಲ್ಲರನ್ನೂ ಕೂರಿಸಿ, ಹೂಕುಂಡದಡಿಯ ಆ ತಟ್ಟೆಯನ್ನೇ ಹಾಕಿದರು. ಮೊದಲ ಸಾಲಿನಲ್ಲಿ ಮುದುಕರು, ಮಗಳು ಇಸ್ತ್ರಿ ಮಾಡಿದ ಬಿಳಿಯಂಗಿಯಲ್ಲಿ. ಎರಡು ನಿಮಿಷ ಮುಗಿದು ಜನ ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ತಡವರಿಸುವಷ್ಟರಲ್ಲಿ ಮುದುಕರು ತಲೆಯಲ್ಲಾಡಿಸಿ, "ಅಲ್ಲಿ ಇನ್ನೊಂದು ಚೂರು ತಡೀಬೇಕಿತ್ತು" ಎಂದರು, ವಿನಯವಿಲ್ಲದೆ, ನೋವಿಲ್ಲದೆ, ಕಸುಬುದಾರ ತನ್ನ ಕೆಲಸದ ಬಗ್ಗೆ ಆಡುವ ದನಿಯಲ್ಲಿ.

"ತಡೆದಿದ್ರೆ ನಾನು ನಿಮ್ಮನ್ನ ಹುಡುಕ್ಕೊಂಡು ಬರ್ತಾನೇ ಇರ್ಲಿಲ್ಲ" ಎಂದರು ಉಸಿರಮ್ಮ.

ಕೂಡಿಡುವವರೆಂದರೆ ಲೋಭಿಗಳ ದೂರದ ದಾಯಾದಿಗಳೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಿರುವವರೂ ಉಂಟು. ಆದರೆ ಉಸಿರಮ್ಮನ ಜಾತಿಯವರು ಕೈಗೆ ಬಂದ ವಸ್ತುವಿನ ಹಿಂದೆ ಒಂದು ಕೈಯನ್ನು ಅರಸುತ್ತಾರೆ, ಅದು ಸಿಗುವವರೆಗೆ ತಾವೂ ನಿದ್ರಿಸುವುದಿಲ್ಲ, ಕಚೇರಿಗಳನ್ನೂ ನಿದ್ರಿಸಗೊಡುವುದಿಲ್ಲ. ಇಂಥವರ ಹಟ ಮನೆಯವರಿಗೆ ಕಿರಿಕಿರಿ, ಅಧಿಕಾರಿಗಳಿಗೆ ತಲೆಶೂಲೆ, ನಮ್ಮಂಥ ಗೆಳೆಯರಿಗೆ ಆಗಾಗ ತಮಾಷೆ. ಒಳ್ಳೆಯ ಕೆಲಸ ಮಾಡಿಯೂ, ಕೆಡಿಸಿಬಿಟ್ಟೆನೆಂದೇ ನಂಬಿ ಬಾಳು ಸವೆಸುತ್ತಿರುವವರು ಈ ಲೋಕದಲ್ಲಿ ಎಷ್ಟು ಮಂದಿಯೋ, ಲೆಕ್ಕವಿಟ್ಟವರಿಲ್ಲ. ಅವರ ವಿಳಾಸ ಹುಡುಕಿಕೊಂಡು ಹೊರಡುವವರು ಮಾತ್ರ ತೀರ ಕಡಿಮೆ.