ಮೂಲೆ ಮುರಿದ ಹಲ್ಲು

ಹಲ್ಲಪ್ಪನ ತೊಡೆಯ ಮೇಲೆ ಅವನ ಅತ್ತೆಯ ಹಲ್ಲುಗಳಿದ್ದವು. ನಗಬೇಡಿ. ಹಲ್ಲಿನ ಸೆಟ್ಟು ಮಾಡುವುದೇ ಅವನ ಕಸುಬು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ತನ್ನ ಪುಟ್ಟ ವರ್ಕ್‌ಶಾಪಿನಲ್ಲಿ ಕೂತು ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹೆಂಡತಿಯ ಮನೆಯವರು ತಮಾಷೆಗೆ ಹಲ್ಲಪ್ಪ ಅಂದರು, ಅದೇ ಅಂಟಿಕೊಂಡಿತು.

ಕ್ರಿಸ್‌ಮಸ್ ರಜೆಯ ಮೊದಲ ದಿನ. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಅರ್ಧ ದಾರಿಯ ಜಂಕ್ಷನ್ನಿನಲ್ಲಿ ನಿಂತ ರೈಲು ನಿಂತೇ ಇತ್ತು. ಮುಂದಿನ ಹಳಿ ಬದಲಿಸುವ ಕೆಲಸವನ್ನು, ರಜೆಯಲ್ಲಿ ಜನ ಓಡಾಡುವುದು ಕಡಿಮೆ ಎಂದು ಲೆಕ್ಕ ಹಾಕಿ, ರಜೆಗೇ ಇಟ್ಟುಕೊಂಡಿದ್ದರಂತೆ. ಜನ ಕಡಿಮೆಯಂತೆ! ಆ ಲೆಕ್ಕ ಹಾಕಿದ ಪುಣ್ಯಾತ್ಮನನ್ನು ಆ ಬೋಗಿಯ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಲ್ಲಿಸಬೇಕಿತ್ತು. ಬೆಳಗಾಗುವಷ್ಟರಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿದಿರಲಿಲ್ಲ. 'ಈ ರೈಲು ಇಲ್ಲಿಗೇ ಕೊನೆಗೊಳ್ಳುತ್ತದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ' ಎಂದು ಧ್ವನಿವರ್ಧಕ ಹೇಳಿತು. ಆ ವಿಷಾದವೂ ಎಂದೋ ರೆಕಾರ್ಡ್ ಮಾಡಿಟ್ಟದ್ದು.

ಜನರ ಜೊತೆ ತಳ್ಳಿಸಿಕೊಂಡು ಹಲ್ಲಪ್ಪನೂ ಇಳಿದ. ಎರಡೂ ಕೈಯಲ್ಲಿ ಹಲ್ಲಿನ ಡಬ್ಬಿಯನ್ನು ಎದೆಗವಚಿಕೊಂಡಿದ್ದ. ತಪ್ಪೆಲ್ಲ ತನ್ನದೇ ಎಂದು ಅವನಿಗೆ ಗೊತ್ತಿತ್ತು. ಹೊಸ ಸೆಟ್ಟು ಕೈಗೆ ಬರುವ ತನಕ ಹಳೆಯದನ್ನು ಗಿರಾಕಿಯ ಬಾಯಿಯಿಂದ ತೆಗೆಸಬಾರದು, ಈ ಕಸುಬಿನ ಮೊದಲ ಪಾಠವೇ ಅದು. ಆದರೆ ಅತ್ತೆಯ ಹಟ ಬೇರೆ ಇತ್ತು. ಮೇಲಿನ ಸಾಲಿನ ಮುಂದಿನ ಹಲ್ಲೊಂದರ ಮೂಲೆ ಸ್ವಲ್ಪ ಮುರಿದಂತಿರಬೇಕು, ಹಳೆಯ ಸೆಟ್ಟಿನಲ್ಲಿ ಹೇಗಿದೆಯೋ ಹಾಗೇ ಇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಎದುರಿಗಿಟ್ಟುಕೊಂಡು ಮಾಡದೆ ಅದು ಸಾಧ್ಯವೇ? ಹಳೆಯದನ್ನೂ ತೆಗೆದುಕೊಂಡು ಹೋಗಿದ್ದ. ಅತ್ತೆ ಅಂದಿನಿಂದ ಗಂಜಿ ಕುಡಿದುಕೊಂಡು, ಶಾಲು ಬಾಯಿಗೆ ಅಡ್ಡ ಹಿಡಿದು ದಿನ ದೂಡುತ್ತಿದ್ದರು. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹಲ್ಲು ಬಾಯಲ್ಲಿರುತ್ತದೆ ಎಂದು ಅಳಿಯ ಮಾತು ಕೊಟ್ಟಿದ್ದ.

ಆ ಊಟ ಬರೀ ಊಟವಾಗಿರಲಿಲ್ಲ. ಅತ್ತೆಯ ಅಣ್ಣ, ಸಮುದ್ರದಾಚೆ ಇರುವವರು, ಎಷ್ಟೋ ವರ್ಷಗಳ ಮೇಲೆ ತಂಗಿಯ ಮನೆಗೆ ಬರುವವರಿದ್ದರು. ಇಲ್ಲಿರುವ ಮಗನ ಮನೆಗೆಂದು ಬಂದವರು, ಒಂದೇ ದಿನ ಬಿಡುವು, ಮರುದಿನ ವಾಪಸ್ ವಿಮಾನ. ಈ ವಯಸ್ಸಿನಲ್ಲಿ ಇನ್ನೊಂದು ಸಲ ಬಂದಾರೆಂಬ ಭರವಸೆ ಯಾರಿಗೂ ಇರಲಿಲ್ಲ. ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ.

ಫೋನ್ ಬಡಿದುಕೊಂಡಿತು. ಮಕ್ಕಳ ಜೊತೆ ಮೊದಲೇ ತವರಿಗೆ ಹೋಗಿದ್ದ ಹೆಂಡತಿ.

"ರೀ, ಎಲ್ಲಿದೀರಿ?"

"ಜಂಕ್ಷನ್ನಲ್ಲಿ. ರೈಲು ಮುಂದಕ್ಕೆ ಹೋಗಲ್ವಂತೆ. ಬಸ್ ಬಿಡ್ತಾರಂತೆ."

"ಅಯ್ಯೋ ಶಿವನೇ! ಅಮ್ಮ ರೂಮಿನ ಬಾಗಿಲು ಹಾಕ್ಕೊಂಡು ಕೂತಿದಾರೆ. ಹಲ್ಲು ಬರದೆ ಹೊರಗೆ ಬರಲ್ವಂತೆ. ಅಣ್ಣ ಬಂದ್ರೆ ನಾನು ಊರಲ್ಲಿಲ್ಲ ಅಂತ ಹೇಳ್ಬಿಡು ಅಂತಿದಾರೆ. ಇನ್ನೊಂದು ವಿಷ್ಯ, ಮಾವನೂ ಅದೇ ಜಂಕ್ಷನ್ನಲ್ಲಿ ಸಿಕ್ಕಾಕ್ಕೊಳ್ತಾರೆ. ನಿಮ್ಮ ಹಿಂದಿನ ರೈಲಿಗೆ ಹತ್ತಿಸಿದೆ ಅಂತ ಅವರ ಮಗ ಫೋನ್ ಮಾಡಿದ್ದ. ಕೆಂಪು ಮಫ್ಲರ್ ಹಾಕಿದಾರಂತೆ. ಹುಡುಕಿ ಕರ್ಕೊಂಡು ಬನ್ನಿ. ಆದ್ರೆ ಹಲ್ಲಿನ ವಿಷ್ಯ ಮಾತ್ರ..."

"ಗೊತ್ತು ಮಾರಾಯ್ತಿ, ಗೊತ್ತು," ಎಂದ ಹಲ್ಲಪ್ಪ.

ಗೊತ್ತಿಲ್ಲದೆ ಏನು? ಮೊದಲ ಸೆಟ್ಟು ಮಾಡಿಕೊಟ್ಟ ದಿನವೇ ಅತ್ತೆ ಅವನಿಂದ ಆಣೆ ಹಾಕಿಸಿಕೊಂಡಿದ್ದರು. ತನ್ನ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು ಎಂಬ ಮಾತು ಅವನ ನಾಲಿಗೆಯಿಂದ ಹೊರಗೆ ಬೀಳಬಾರದು. ಅದರಲ್ಲೂ ಅಣ್ಣನ ಕಿವಿಗೆ ಬೀಳಲೇಬಾರದು. ಅಳಿಯ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅಂದಿನಿಂದಲೂ ಅತ್ತೆ ನಕ್ಕರೆ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ಎಷ್ಟು ಚೆನ್ನಾಗಿ ಮಾಡಿಕೊಟ್ಟರೂ ಆ ಕೈ ಕೆಳಗಿಳಿಯಲಿಲ್ಲವಲ್ಲ ಎಂಬ ಬೇಸರ ಅವನೊಳಗೆ ಇದ್ದೇ ಇತ್ತು.

ಹಿಂದಿನ ರೈಲೂ ಬಂದು ಅಲ್ಲೇ ಖಾಲಿಯಾಯಿತು. ಕಾಯುವ ಕೋಣೆಯಲ್ಲಿ ಸೂಟ್‌ಕೇಸಿನ ಮೇಲೆ ಕೂತವರು, ಕೋಟು ಹಾಸಿ ಮಕ್ಕಳನ್ನು ಮಲಗಿಸಿದವರು, ಗೋಡೆಯಲ್ಲಿದ್ದ ಒಂದೇ ಪ್ಲಗ್ಗಿಗೆ ಕಿತ್ತಾಡುವವರು. ಯಾರೋ ಬಿಸ್ಕತ್ತಿನ ಪೊಟ್ಟಣ ಒಡೆದು ಅಕ್ಕಪಕ್ಕದವರಿಗೆಲ್ಲ ಹಂಚುತ್ತಿದ್ದರು. ಮೂಲೆಯ ಬೆಂಚಿನಲ್ಲಿ ಕೆಂಪು ಮಫ್ಲರಿನ ಮುದುಕರೊಬ್ಬರು ಕರವಸ್ತ್ರದಿಂದ ಬಾಯಿ ಮುಚ್ಚಿ, ಬಿಸ್ಕತ್ತು ಬೇಡವೆಂದು ತಲೆಯಾಡಿಸಿದರು. ಬಾಯಿಗೆ ಬಟ್ಟೆ ಹಿಡಿದವರನ್ನು ಕಂಡರೆ ಹಲ್ಲಪ್ಪನಿಗೆ ಹೆಚ್ಚಿನ ವಿವರ ಬೇಕಿಲ್ಲ. ಅವನು ಹತ್ತಿರ ಹೋದ.

"ಮಾವ, ನಾನು. ನಿಮ್ಮ ತಂಗಿಯ ಅಳಿಯ."

ಮುದುಕರು ದಿಟ್ಟಿಸಿ ನೋಡಿದರು. ಕಣ್ಣು ನಕ್ಕಿತು, ಕರವಸ್ತ್ರ ಅಲುಗಲಿಲ್ಲ.

"ಹೊರಗಡೆ ಬಸ್ ನಿಲ್ತಿದೆ. ಬನ್ನಿ, ಸಾಲು ಉದ್ದ ಆಗೋ ಮುಂಚೆ ಹೋಗೋಣ."

"ನೀನು ಹೋಗಪ್ಪ," ಎಂದರು ಬಟ್ಟೆಯೊಳಗಿಂದಲೇ. "ನಾನು ವಾಪಸ್ ಹೋಗ್ತೀನಿ. ಆ ಕಡೆ ಹೋಗೋ ರೈಲುಗಳೆಲ್ಲ ಸರಿಯಾಗೇ ಓಡ್ತಿವೆಯಂತೆ. ತಂಗಿಗೆ ರೈಲಿಲ್ಲ ಅಂತ ಹೇಳು. ಸುಳ್ಳೇನಲ್ಲವಲ್ಲ."

"ಇಷ್ಟು ದೂರ ಬಂದು ವಾಪಸ್ಸಾ? ಏನಾಯ್ತು ಮಾವ?"

ಮುದುಕರು ಸುತ್ತಮುತ್ತ ನೋಡಿ, ಕೋಟಿನ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಅವನ ಕೈಗಿಟ್ಟರು. ಒಳಗೆ ಮೇಲಿನದೂ ಕೆಳಗಿನದೂ ಎರಡೂ ಸೆಟ್ಟು, ಸರಿಯಾಗಿ ನಡುವೆ ಹೋಳಾಗಿದ್ದವು. ಒಸಡು ನೋಯುತ್ತಿತ್ತೆಂದು ರೈಲಿನಲ್ಲಿ ಬಿಚ್ಚಿ ಜೇಬಿಗೆ ಹಾಕಿದ್ದರಂತೆ, ಇಳಿಯುವ ನೂಕುನುಗ್ಗಲಿನಲ್ಲಿ ಯಾರದೋ ಪೆಟ್ಟಿಗೆ ಬಂದು ಒತ್ತಿತಂತೆ.

"ನೀನು ಇದೇ ಕೆಲ್ಸ ಮಾಡೋದಂತಲ್ಲ. ಏನಾದ್ರೂ ಆಗತ್ತಾ?"

ಹಲ್ಲಪ್ಪ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ವರ್ಕ್‌ಶಾಪಲ್ಲಿ ಆಗಿದ್ರೆ ಕೂಡಿಸಿಬಿಡ್ತಿದ್ದೆ. ಇಲ್ಲಿ ಅಂಗಡಿ ಅಂಟು ಹಾಕಿದ್ರೆ ಬಾಯೆಲ್ಲ ಸುಟ್ಟುಹೋಗತ್ತೆ. ಆಗಲ್ಲ ಮಾವ."

"ಮತ್ತೆ? ಈ ಬೋಳು ಬಾಯಿ ಇಟ್ಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ? ಅವಳದ್ದು ಈಗಲೂ ಒಂದೂ ಅಲ್ಲಾಡಿಲ್ಲ. ಫೋನ್ ಮಾಡಿದಾಗೆಲ್ಲ ಹೇಳ್ತಾಳೆ. ನಾನು ಸುಮ್ಮನಿರ್ಬೇಕೋ ಬೇಡ್ವೋ? ನಂದೂ ಕಲ್ಲಿನ ಹಾಗಿದೆ ಅಂದ್ಬಿಟ್ಟೆ." ಕರವಸ್ತ್ರ ಸ್ವಲ್ಪ ಕೆಳಗಿಳಿಯಿತು. "ಚಿಕ್ಕವರಿದ್ದಾಗಿಂದ ನಮ್ಮದು ಇದೇ ಪಂದ್ಯ ಕಣಪ್ಪ. ಬಾದಾಮಿ ಚಿಪ್ಪು ಹಲ್ಲಲ್ಲೇ ಒಡೀಬೇಕು. ಒಂದು ಸಲ ನಾನೇ ಹುರಿದುಂಬಿಸಿ ಗಟ್ಟಿದೊಂದು ಕೊಟ್ಟೆ. ಅವಳ ಮುಂದಿನ ಹಲ್ಲಿನ ಮೂಲೆ ಹಾರಿಹೋಯ್ತು. ಅತ್ತಳು ಅಂದ್ಕೊಂಡ್ಯಾ? ಚಿಪ್ಪು ಒಡೀತು ನೋಡೋ ಅಣ್ಣಾ ಅಂತ ಅಂಗಳದ ತುಂಬ ಕುಣಿದಳು. ನಮ್ಮಪ್ಪ ನನ್ನ ಬೆನ್ನು ಮುರಿದ್ರು, ಆ ಮಾತು ಬೇರೆ."

ಹಲ್ಲಪ್ಪ ಕೈಯಲ್ಲಿದ್ದ ಡಬ್ಬಿಯ ಕಡೆ ನೋಡಿದ. ಆ ಮೂಲೆ! ವಾರವಿಡೀ ಸಣ್ಣ ಅರದಲ್ಲಿ ಉಜ್ಜಿ ಉಜ್ಜಿ ತಂದ ಮೂಲೆ. ಯಾಕತ್ತೆ, ಚೆನ್ನಾಗಿರೋ ಹಲ್ಲನ್ನ ಯಾಕೆ ಮುರುಕು ಮಾಡೋದು ಎಂದು ಕೇಳಿದ್ದಕ್ಕೆ, ಹೇಳಿದಷ್ಟು ಮಾಡಿ ಅಳಿಯಂದ್ರೇ ಎಂದಿದ್ದರು. ವಯಸ್ಸಾದವರ ತಿಕ್ಕಲು ಎಂದುಕೊಂಡು ಅವನು ಒಳಗೊಳಗೇ ಗೊಣಗಿಕೊಂಡಿದ್ದ.

ಎದುರಿನ ಪ್ಲಾಟ್‌ಫಾರ್ಮಿಗೆ ವಾಪಸ್ ಹೋಗುವ ರೈಲು ಬರುತ್ತಿದೆ ಎಂದು ಧ್ವನಿವರ್ಧಕ ಕೂಗಿತು. ಮುದುಕರು ಎದ್ದು ಕೈಚೀಲ ಹೆಗಲಿಗೇರಿಸಿದರು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಮಾತು ಕೊಟ್ಟದ್ದು ಅತ್ತೆಗೆ. ಹೇಳಿದರೆ ಅತ್ತೆ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಹೇಳದಿದ್ದರೆ ಅಣ್ಣ ತಂಗಿ ಇನ್ನು ಈ ಜನ್ಮದಲ್ಲಿ ಮುಖ ನೋಡುವುದಿಲ್ಲ. ಅತ್ತ ದರಿ, ಇತ್ತ ಪುಲಿ.

"ಒಂದು ನಿಮಿಷ ಮಾವ," ಎಂದ. "ಈ ಡಬ್ಬಿಯ ಹತ್ತಿ ಒಣಗಿರತ್ತೆ. ಒದ್ದೆ ಮಾಡದಿದ್ರೆ ಸೆಟ್ಟು ಸೊಟ್ಟಗಾಗತ್ತೆ. ನೀರಿನ ಬಾಟ್ಲಿ ಸ್ವಲ್ಪ ಹಿಡ್ಕೊಳ್ತೀರಾ?"

ಹತ್ತಿ ಒಣಗಿದ್ದು ನಿಜವೇ. ಸೆಟ್ಟು ಒಣಗಬಾರದೆಂಬುದೂ ನಿಜವೇ. ಹೀಗಿದ್ದರೂ ಅವನು ಗೋಡೆಯ ಕಡೆ ತಿರುಗಿ ಕೂರಬಹುದಿತ್ತು. ಕೂರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮೇಲಿನ ಸಾಲನ್ನು ಎತ್ತಿ, ಮುದುಕರ ಕಣ್ಣೆದುರೇ ನೀರು ಚಿಮುಕಿಸಿದ.

ಮುದುಕರು ಬಾಟಲಿ ಹಿಡಿದವರು ಹಾಗೇ ನಿಂತರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದರು.

"ಯಾರದ್ದಿದು?"

"ಗಿರಾಕಿಯದ್ದು. ಹೆಸರು ಕೇಳ್ಬೇಡಿ ಮಾವ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಮೂಲೆ ಮುರಿದಿದೆಯಲ್ಲ."

"ಮುರಿದಿಲ್ಲ. ಮುರಿದ ಹಾಗೆ ಮಾಡಿರೋದು. ಅದಿಲ್ಲದೆ ಬೇಡವೇ ಬೇಡ ಅಂದ್ರು."

ಎದುರಿನ ಪ್ಲಾಟ್‌ಫಾರ್ಮಿಗೆ ರೈಲು ಬಂತು, ಸ್ವಲ್ಪ ಹೊತ್ತು ನಿಂತಿತು, ಹೊರಟಿತು. ಮುದುಕರು ಅದರ ಕಡೆ ತಲೆ ಎತ್ತಲಿಲ್ಲ. ಅವರ ಕಣ್ಣು ತುಂಬಿತ್ತು. ಕರವಸ್ತ್ರವನ್ನು ಬಾಯಿಂದ ತೆಗೆದು ಕಣ್ಣು ಒರೆಸಿಕೊಂಡು ಮಡಿಸಿ ಜೇಬಿಗಿಟ್ಟರು.

"ಬಸ್ಸು ಎಲ್ಲಿಂದ ಹೊರಡತ್ತೆ ಅಂದೆ?" ಎಂದರು.

ಬಸ್ಸೆಂದರೆ ಬಸ್ಸೇ? ಎರಡು ರೈಲಿನ ಜನ ಒಂದರಲ್ಲಿ. ಕಂಡ ಕಂಡ ಸ್ಟೇಷನ್ನಿಗೆಲ್ಲ ಒಳಗೆ ಹೋಗಿ ಹೊರಗೆ ಬಂದು ಅದು ತೆವಳಿತು. ಹಲ್ಲಪ್ಪನಿಗೆ ನಿಲ್ಲುವ ಭಾಗ್ಯ. ಮಾವನಿಗೆ ಒಬ್ಬಳು ಹೆಂಗಸು ತನ್ನ ಮಗುವನ್ನು ತೊಡೆಗೆ ಹಾಕಿಕೊಂಡು ಜಾಗ ಬಿಟ್ಟುಕೊಟ್ಟಳು. ಆ ಮಗು ಮಾವನ ಬೋಳು ಬಾಯಿ ನೋಡಿ ತನ್ನ ಬೋಳು ಬಾಯಿ ತೆರೆದು ನಕ್ಕಿತು. ಮಾವನೂ ನಕ್ಕರು. ಆಮೇಲೆ ದಾರಿಯುದ್ದಕ್ಕೂ ಅವರಿಬ್ಬರದೇ ಮಾತುಕತೆ.

ಮನೆ ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ಮೇಜಿನ ಮೇಲೆ ಮುಚ್ಚಿಟ್ಟ ಪಾತ್ರೆಗಳು ತಣ್ಣಗಾಗಿದ್ದವು. ಹೆಂಡತಿ ಮಾವನ ಕಾಲಿಗೆ ಬಾಗುತ್ತಲೇ ಗಂಡನ ಕಡೆ ಕಣ್ಣು ತಿರುಗಿಸಿ, ತಂದ್ರಾ ಎಂದು ಹುಬ್ಬಿನಲ್ಲೇ ಕೇಳಿದಳು. ಅವನು ಡಬ್ಬಿ ಮುಂದೆ ಚಾಚಿದ. ಮಾವ ಅವನ ಕೈ ಹಿಡಿದು ತಡೆದರು. ನೇರ ಹೋಗಿ ಮುಚ್ಚಿದ್ದ ರೂಮಿನ ಬಾಗಿಲು ತಟ್ಟಿದರು.

"ಪುಟ್ಟೀ. ನಾನು ಕಣೇ."

ಮತ್ತೆ ತಟ್ಟಿದರು.

"ಮನೇಲಿಲ್ಲ ಅಂತ ಹೇಳಿಸ್ಬೇಡ. ನಿನ್ನ ಚಪ್ಪಲಿ ಹೊರಗಡೆನೇ ಇದೆ."

ಮೊಮ್ಮಕ್ಕಳು ಕಿಸಕ್ಕೆಂದರು. ಒಳಗೆ ಮಂಚ ಕಿರುಗುಟ್ಟಿತು. ಮುದುಕರು ಬಾಗಿಲಿಗೆ ಹಣೆ ಆನಿಸಿ, ಮನೆಗೆಲ್ಲ ಕೇಳುವಂತೆ ಹೇಳಿದರು:

"ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ ಕಣೇ. ಹೋಗಿ ಎಷ್ಟೋ ವರ್ಷ ಆಯ್ತು. ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು. ಪಂದ್ಯ ನಾನೇ ಸೋತೆ. ಬಾಗಿಲು ತೆಗಿ."

ಜಂಕ್ಷನ್ನಿನಲ್ಲಿ ಕಂಡದ್ದನ್ನು ಅವರು ಹೇಳಲಿಲ್ಲ. ಹಲ್ಲಪ್ಪ ಅದನ್ನು ಗಮನಿಸಿದ.

ಚಿಲಕದ ಸದ್ದಾಯಿತು. ಬಾಗಿಲು ಅಂಗೈಯಗಲ ತೆರೆಯಿತು. ಶಾಲು ಮೂಗಿನ ತನಕ ಎಳೆದುಕೊಂಡ ಅತ್ತೆ ಅಣ್ಣನನ್ನು ನೋಡಿದರು. ಅಣ್ಣ ಬಾಯಿ ಅಗಲಿಸಿ ನಕ್ಕರು, ಬಸ್ಸಿನ ಮಗುವಿನ ಹಾಗೆ. ಅತ್ತೆಯ ಕೈ ಸಡಿಲಿತು. ಶಾಲು ಜಾರಿತು.

"ಅಯ್ಯೋ ಪೆದ್ದಣ್ಣಾ! ನೀನೆಲ್ಲೋ ಸೋತೆ? ಮೊದಲು ಹೋಗಿದ್ದು ನಂದು ಕಣೋ!"

ಆಮೇಲೆ ಆದದ್ದನ್ನು ನಗು ಎನ್ನಬೇಕೋ ಅಳು ಎನ್ನಬೇಕೋ. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು, ಉಸಿರು ಕಟ್ಟಿ, ಮತ್ತೆ ಮುಖ ನೋಡಿಕೊಂಡು ಮತ್ತೆ ಶುರು. ಅತ್ತೆಯ ಎರಡೂ ಕೈ ಅಣ್ಣನ ಮೇಲಿದ್ದವು. ಬಾಯಿಗೆ ಅಡ್ಡ ಹಿಡಿಯಲು ಒಂದೂ ಉಳಿದಿರಲಿಲ್ಲ. ಅತ್ತೆ ಹಾಗೆ ನಕ್ಕದ್ದನ್ನು ಅಳಿಯ ಅದೇ ಮೊದಲು ನೋಡಿದ್ದು. ತಾನು ಅಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಬಾರದ ನಗು ಇದು ಎಂದು ಒಂದು ಚೂರು ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಕೊನೆಗೆ ಕಣ್ಣೊರೆಸಿಕೊಂಡು ಅತ್ತೆ ಅವನ ಕಡೆ ತಿರುಗಿದರು.

"ಅಳಿಯಂದ್ರೇ, ನೀವೇನಾದ್ರೂ ಇವನಿಗೆ ಹೇಳಿದ್ರಾ?"

"ಇಲ್ಲ ಅತ್ತೆ. ಒಂದು ಮಾತೂ ಹೇಳಿಲ್ಲ."

"ಪಾಪ, ಬಾಯೇ ಬಿಡಲಿಲ್ಲ ಕಣೇ," ಎಂದರು ಮಾವ, ಗೋಡೆಯ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತ.

ಹೆಂಡತಿ ಅಡುಗೆಯನ್ನೆಲ್ಲ ಮತ್ತೆ ಬಿಸಿಗಿಟ್ಟಳು. ಗಟ್ಟಿಯಿದ್ದದ್ದನ್ನೆಲ್ಲ ಸೌಟಿನಲ್ಲಿ ಮಸೆದು ಮೆತ್ತಗೆ ಮಾಡಿದಳು. ಹಲ್ಲಪ್ಪ ಡಬ್ಬಿಯನ್ನು ಅತ್ತೆಯ ತಟ್ಟೆಯ ಪಕ್ಕ ಇಟ್ಟ. ಅತ್ತೆ ಅದನ್ನು ತೆರೆದು, ಮುರುಕು ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ, ಅಣ್ಣನಿಗೆ ತೋರಿಸಿದರು.

"ನೋಡೋ. ನೀನು ಮುರಿಸಿದ್ದು."

"ಎಲ್ಲಿ, ನೋಡೋಣ," ಎಂದು ಮಾವ ಮೊದಲ ಸಲ ನೋಡುವವರ ಹಾಗೆ ಕನ್ನಡಕ ಹುಡುಕಿದರು.

ನೋಡಿಯಾದ ಮೇಲೆ ಅತ್ತೆ ಡಬ್ಬಿ ಮುಚ್ಚಿ ಅಳಿಯನ ಕೈಗೆ ಕೊಟ್ಟರು. "ನಾಳೆ ಇವನು ಹೊರಟ ಮೇಲೆ ಹಾಕ್ಕೊಳ್ತೀನಿ. ಇವತ್ತು ಹೀಗೇ ಇರ್ಲಿ," ಎಂದು ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.