ಸಿಗ್ನಲ್ ದಾಟುವ ತನಕ

ಗಾಡಿಗೆ ಹದಿನೆಂಟು ಲಕ್ಷ ಅರವತ್ತು ಸಾವಿರ ಯೆನ್, ಕಾಲಡಿಯ ಮ್ಯಾಟಿಗೆ ಇಪ್ಪತ್ತೆಂಟು ಸಾವಿರ, ಹಿಮದ ಟೈರು ನಾಲ್ಕಕ್ಕೆ ತೊಂಬತ್ತು ಸಾವಿರ, ಮನೆ ಬಾಗಿಲಿಗೆ ತಂದು ಬಿಡಲು ಹನ್ನೊಂದು ಸಾವಿರ, ನಾನು ಬಿಟ್ಟುಕೊಡುವ ಹಳೇ ಗಾಡಿಗೆ ಸೊನ್ನೆ — ಆ ಸೊನ್ನೆಯನ್ನು ಮಿಯೊಶಿ ಎಷ್ಟು ದುಂಡಗೆ ಬರೆದಿದ್ದ, ಮ್ಯಾನೇಜರ್ ಆದಮೇಲೆ ಅಕ್ಷರವೂ ದುಂಡಗಾಗಿದೆ, ಈಗ ಷೋರೂಮಿನ ಮುಂದೆ ಕೈ ಕಟ್ಟಿ ನಿಂತಿದ್ದಾನೆ, ನಾನು ಸ್ಟೀರಿಂಗ್ ಹಿಡಿದು ಕೂತಿದ್ದೇನೆ, ಹೊಸ ಸೀಟಿನ ವಾಸನೆ, ಪಕ್ಕದ ಸೀಟು ಖಾಲಿ, ಇವರು, ನನ್ನ ಗಂಡ, ಕೆಳಗೆ ಮಂಡಿಯೂರಿ ಚಕ್ರದ ನಟ್ ಒಂದೊಂದನ್ನೇ ನೋಡುತ್ತಿದ್ದಾರೆ, ಸ್ಪ್ಯಾನರು ಟಿಕ್ ಅಂದರೆ ಬಿಗಿ ಸರಿಯಾಗಿದೆ ಅಂತ, ಚಕ್ರಕ್ಕೆ ನಾಲ್ಕು, ಒಟ್ಟು ಹದಿನಾರು, ನೋಡಲಿ, ನಿಧಾನವಾಗಿ ನೋಡಲಿ, ಹನ್ನೊಂದು ವರ್ಷ ಕಾದವಳಿಗೆ ಏನವಸರ. ಮೊದಲ ದಿನ ಬಂದಾಗ ಮಿಯೊಶಿಗೆ ನನ್ನ ಗುರುತು ಹತ್ತಲಿಲ್ಲ, ಮೆಕ್ಯಾನಿಕ್‌ನ ಹೆಂಡತಿಯ ಮುಖ ಯಾರು ನೆನಪಿಡುತ್ತಾರೆ, ಟೀ ಕೊಟ್ಟ, ಹಳೇ ಗಾಡಿಗೆ ಒಂದು ಸುತ್ತು ಬಂದ, ಹದಿನಾರು ವರ್ಷ, ಒಂದು ಲಕ್ಷ ಎಪ್ಪತ್ತು ಸಾವಿರ ಕಿಲೋಮೀಟರ್, ಬಾಗಿಲ ಕೆಳಗೆ ತುಕ್ಕು, ಬೇಜಾರ್ ಮಾಡ್ಕೋಬೇಡಿ ಮೇಡಂ, ಇದಕ್ಕೆ ಬೆಲೆ ಕಟ್ಟಕ್ಕಾಗಲ್ಲ, ಗುಜರಿಗೆ ಹಾಕೋ ಖರ್ಚು ಬೇಕಾದ್ರೆ ನಾವೇ ನೋಡ್ಕೋತೀವಿ. ನೋಡ್ಕೊಳ್ಳಿ ಅಂದೆ. ಮೂವತ್ತು ವರ್ಷ ಆಲೂಗಡ್ಡೆ ಕೊರೊಕ್ಕೆ ಕರಿದು ಮಾರಿದವಳು ನಾನು, ಸಂಜೆ ಏಳಕ್ಕೆ ತಟ್ಟೆಯಲ್ಲಿ ಉಳಿದದ್ದಕ್ಕೆ ಅಂಗಡಿಯವಳು ಬೆಲೆ ಹೇಳುವುದಿಲ್ಲ, ಗಿರಾಕಿ ಹೇಳುತ್ತಾನೆ, ಷೋರೂಮಿನವರಿಗೆ ಮಾರ್ಚ್ ತಿಂಗಳೇ ಸಂಜೆ ಏಳು, ವರ್ಷದ ಲೆಕ್ಕ ಮುಗಿಯುವುದರೊಳಗೆ ಇನ್ನಷ್ಟು ಗಾಡಿ ಮಾರಿ ಹೋಗಬೇಕು. ಹೊಳೆಯಾಚೆಯ ಷೋರೂಮಿನವರು ಬೆಲೆ ಬರೆದುಕೊಟ್ಟ ಚೀಟಿಯನ್ನು ಮಡಿಚಿ ಟೀ ಲೋಟದ ಕೆಳಗಿಟ್ಟೆ, ಬಿಡಿಸಲಿಲ್ಲ, ಅವನ ಕಣ್ಣು ಅಲ್ಲೇ, ಮ್ಯಾಟಿನ ದುಡ್ಡು ಬಿಟ್ಟ, ಒಂದು ಗುಟುಕು ಕುಡಿದು ಲೋಟ ಮತ್ತೆ ಅದರ ಮೇಲಿಟ್ಟೆ, ಟೈರಿನದೂ ಬಿಟ್ಟ. ಮನೆಗೆ ತರೋದು ಬೇಡ, ನಾನೇ ಬಂದು ತಗೋತೀನಿ ಅಂದಾಗ ಹನ್ನೊಂದು ಸಾವಿರ ತಾನಾಗಿಯೇ ಬಿತ್ತು, ನನ್ನನ್ನು ಜಿಪುಣಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ, ನನಗೆ ಬೇಕಾಗಿದ್ದದ್ದು ಇಲ್ಲಿಂದ ಹೊರಡುವುದು, ಇಲ್ಲಿಂದ ಹೊರಟ ಹೊಸ ಗಾಡಿಗೆ ಷೋರೂಮಿನವರು ರಸ್ತೆಯಂಚಿನಲ್ಲಿ ನಿಂತು ನಡು ಬಗ್ಗಿಸಬೇಕು, ಗಾಡಿ ಸಿಗ್ನಲ್ ದಾಟುವ ತನಕ ತಲೆ ಎತ್ತುವ ಹಾಗಿಲ್ಲ.

ಟಿಕ್. ಎರಡನೇ ಚಕ್ರ. ಹನ್ನೊಂದು ವರ್ಷದ ಹಿಂದೆ ಇವರೂ ಅಲ್ಲಿಯೇ ನಿಂತಿದ್ದರು, ಆ ವಿದ್ಯುತ್ ಕಂಬದ ಪಕ್ಕ, ನವೆಂಬರಿನಿಂದ ಮಾರ್ಚ್ ತನಕ, ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಗಾಡಿ ರಿಪೇರಿ ಮಾಡಿದ ಮನುಷ್ಯ, ಗಿರಾಕಿಯ ಮುಖ ನೋಡಿ ಎರಡು ಮಾತಾಡಿ ಗೊತ್ತಿಲ್ಲ. ಅದಕ್ಕೆ ಕಾರಣವಾದ ದಿನ ಗಿರಾಕಿಯೊಬ್ಬನ ಗಾಡಿ ಜ್ಯಾಕ್ ಮೇಲಿಂದ ಇಳಿದಿತ್ತಷ್ಟೇ, ಕೊನೆಯ ಚಕ್ರದ ಬಿಗಿ ನೋಡಬೇಕು ಅನ್ನುವಷ್ಟರಲ್ಲಿ ಆಗ ಸೇಲ್ಸಿನಲ್ಲಿದ್ದ ಮಿಯೊಶಿ ಬಂದು, ಗಿರಾಕಿ ಕಾಯ್ತಿದಾರೆ, ಬಿಡಿ ಹಟಕೆಯಾಮಾ ಸಾನ್, ಅದನ್ನ ನಾನ್ ನೋಡ್ಕೋತೀನಿ, ಅಂತ ಕೀ ತೆಗೆದುಕೊಂಡು ಹೋದ. ದಾರಿಯಲ್ಲಿ ಚಕ್ರ ಅಲ್ಲಾಡಿತು, ಯಾರಿಗೂ ಏನೂ ಆಗಲಿಲ್ಲ, ಗಿರಾಕಿ ವಾಪಸ್ ಬಂದು ಕೂಗಾಡಿದ, ನೋಡ್ಕೋತೀನಿ ಅಂದವನು ಆಗ ನೆಲ ನೋಡುತ್ತಿದ್ದ. ಇವರೂ ಬಾಯಿಬಿಡಲಿಲ್ಲ, ಕೀ ಕೊಟ್ಟದ್ದು ನನ್ನ ಕೈ ತಾನೆ ಅಂದರು, ನನಗೆ ಇವತ್ತಿಗೂ ಇವರ ಮೇಲೆ ಅದೊಂದು ಸಿಟ್ಟು. ಗಿರಾಕಿ ಅಂದ್ರೆ ಏನು ಅಂತ ಕಲೀಲಿ ಅಂತ ಷೋರೂಮಿನವರು ಸ್ಪ್ಯಾನರ್ ಬಿಡಿಸಿ ರಸ್ತೆಗೆ ನಿಲ್ಲಿಸಿದರು, ಆ ಸಲಹೆಯೂ ಮಿಯೊಶಿಯದೇ. ಐದು ತಿಂಗಳು ಹಿಮದಲ್ಲಿ, ಹೋಗುವ ಪ್ರತಿ ಗಾಡಿಗೂ. ಮನೆಗೆ ಬಂದರೆ ನಡು ನೆಟ್ಟಗಾಗುತ್ತಿರಲಿಲ್ಲ, ಬೆನ್ನಿಗೆ ನೋವಿನ ಪಟ್ಟಿ ಅಂಟಿಸುತ್ತಾ ಬಿಟ್ಬಿಡ್ರೀ ಅಂದರೆ ಹೂಂ ಅನ್ನುತ್ತಿದ್ದರು, ಏಪ್ರಿಲ್‌ನಲ್ಲಿ ಕೆಲಸ ಬಿಟ್ಟರು, ಅಂದಿನಿಂದ ಈ ರಸ್ತೆ ತುಳಿದಿಲ್ಲ, ಆಸ್ಪತ್ರೆಗೂ ಸುತ್ತು ಹಾಕಿಕೊಂಡೇ ಹೋಗುತ್ತಾರೆ. ಮೊನ್ನೆ ಚೌಕಾಸಿ ಮುಗಿದ ಮೇಲೆ ಹಳೇ ಗಾಡಿಯ ಕಾಗದವನ್ನು ಮೇಜಿನ ಮೇಲೆ ಸರಿಸಿದಾಗ ಮಿಯೊಶಿ ಹೆಸರು ಓದಿದ, ಹಟಕೆಯಾಮಾ ತೋಕುಜಿ, ಪೆನ್ನು ನಿಂತಿತು, ಎದ್ದು ಒಳಗೆ ಹೋದ, ಬಂದ, ಸೊನ್ನೆಯ ಮೇಲೆ ಗೆರೆ ಎಳೆದು ಐವತ್ತು ಸಾವಿರ ಅಂತ ಬರೆದ, ಇನ್ನೊಂದ್ಸಲ ನೋಡ್ದೆ ಮೇಡಂ, ಇಂಜಿನ್ ತುಂಬ ಚೆನ್ನಾಗಿ ಇಟ್ಕೊಂಡಿದಾರೆ. ಐವತ್ತು ಸಾವಿರ ಅಂದರೆ ನಾನೂರಕ್ಕೂ ಹೆಚ್ಚು ಕೊರೊಕ್ಕೆ, ಎಷ್ಟು ದಿನ ಎಣ್ಣೆ ಮುಂದೆ ನಿಲ್ಲಬೇಕು, ಆದರೂ ಇಷ್ಟು ಅಗ್ಗಕ್ಕೆ ಬಿಡುವುದಿಲ್ಲ ಇವನನ್ನು ಅನ್ನಿಸಿತು, ಸೊನ್ನೇನೇ ಇರ್ಲಿ ಮಿಯೊಶಿ ಸಾನ್, ಗಾಡಿ ತಗೊಳ್ಳೋ ದಿನ ನಮ್ಮೆಜಮಾನ್ರೂ ಬರ್ತಾರೆ, ನಮ್ಮನ್ನ ಕಳಿಸೋಕೆ ನೀವು ನಿಲ್ಬೇಕು, ನೀವೊಬ್ರೇ. ಐವತ್ತು ಸಾವಿರದ ಮೇಲೂ ಗೆರೆ ಎಳೆದು, ಆಗ್ಲಿ ಅಂದ.

ಇವರನ್ನು ಹೊರಡಿಸುವುದೇ ಕಷ್ಟವಾಗಬಹುದಿತ್ತು, ಆದರೆ ನಟ್ ನೀವು ನೋಡದೆ ನಾನು ಆ ಗಾಡಿ ಮುಟ್ಟೋದಿಲ್ಲ ಅಂದೆ, ಎಲ್ಲಿ ತಗೊಂಡೆ ಅಂದರು, ಹೇಳಿದೆ, ತಟ್ಟೆ ಹಾಗೇ ಸರಿಸಿ ಎದ್ದರು, ಬೆಳಿಗ್ಗೆ ನೋಡಿದರೆ ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹದಿನಾರೂ ಆಯಿತು, ಮಂಡಿ ಕೊಡವಿಕೊಂಡು ಎದ್ದರು, ಎಲ್ಲಾ ಬಿಗಿಯಾಗಿದೆ ಅಂದರು, ನನಗೋ ಮಿಯೊಶಿಗೋ, ಪಕ್ಕಕ್ಕೆ ಬಂದು ಕೂತರು. ಸಿಗ್ನಲ್ ಹಸಿರಾಗಿದೆ, ಈ ಹಸಿರು ಕಳೆದುಹೋಗಲಿ, ಕನ್ನಡಿ ಸರಿಪಡಿಸುವ ಹಾಗೆ ಮಾಡುತ್ತೇನೆ, ಎದುರಿನ ಬಸ್ ನಿಲ್ದಾಣದಲ್ಲಿ ಎರಡು ದಿನ ಕೂತು ಎಣಿಸಿದ್ದೇನೆ, ಕೆಂಪು ಬಿದ್ದರೆ ತೊಂಬತ್ತು ಸೆಕೆಂಡು, ಈಗ, ಹೊರಟೆ, ಕೆಂಪು, ನಿಲ್ಲಿಸಿದೆ. ಕನ್ನಡಿಯಲ್ಲಿ ಮಿಯೊಶಿ, ಕಂಬದ ಪಕ್ಕ, ಬಗ್ಗಿದ, ಬಗ್ಗು, ಇನ್ನೂ ಬಗ್ಗು, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಹತ್ತು, ಇಪ್ಪತ್ತು, ರೀ, ಹಿಂದೆ ನೋಡ್ರೀ ಅಂದೆ, ಇವರು ಪಕ್ಕದ ಕನ್ನಡಿಯಲ್ಲಿ ನೋಡಿದರು, ಮೂವತ್ತು, ಆ ಮುಖದಲ್ಲಿ ಒಂದು ನಗು ಬರಲಿ ಅಂತ ನಾನು ಕಾಯುತ್ತಿದ್ದೇನೆ, ಸಿಟ್ಟಾದರೂ ಬರಲಿ, ನಲವತ್ತು, ಇವರು ಸೀಟ್ ಬೆಲ್ಟನ್ನು ಸಡಿಲ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಮುಂದಕ್ಕೆ ಬಗ್ಗುತ್ತಿದ್ದಾರೆ, ಹಣೆ ಡ್ಯಾಶ್‌ಬೋರ್ಡಿಗೆ ತಾಗುವಷ್ಟು, ಬೆನ್ನು ನೋವೇನ್ರೀ, ಇಲ್ಲ ಅಂದರು, ತಲೆ ಎತ್ತದೆ, ಒಬ್ರೇ ಬಗ್ಗಿ ನಿಂತ್ರೆ ಈ ಸಿಗ್ನಲ್ ತುಂಬ ಹೊತ್ತು ಕಣೇ. ಐವತ್ತೋ ಅರವತ್ತೋ, ಎಣಿಕೆ ತಪ್ಪಿತು, ಕನ್ನಡಿಯಲ್ಲಿ ಒಂದು ಬೆನ್ನು, ಪಕ್ಕದಲ್ಲಿ ಒಂದು ಬೆನ್ನು, ದೀಪ ಇನ್ನೂ ಕೆಂಪು, ಐವತ್ತು ಸಾವಿರ ಬಿಟ್ಟುಕೊಟ್ಟು ನಾನು ಇವರನ್ನು ಇನ್ನೊಂದು ಸಲ ಬಗ್ಗಿಸಿದೆ.